ಅಂಗಡಿಯಿಂದ ಸೇವಾ ಸಂಸ್ಥೆಗೆ ಕೊಡುವ ಮುಂಚೆ

ಸ್ವಂತ ವ್ಯಾಪಾರ ಇರುವವರಿಗೆ ಒಂದು ಸಲಹೆ. ಅಕ್ಕಪಕ್ಕದ ಸೇವಾ ಸಂಸ್ಥೆಗೆ ಏನಾದರೂ ಕೊಡಬೇಕು ಅನ್ನಿಸಿದರೆ, ಮಾರಾಟವಾಗದೆ ಉಳಿದ ಮಾಲನ್ನು ಸುಮ್ನೆ ಸಾಗಿಸಬೇಡಿ. ಮೊದಲು ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ಬೇಡದ ಸಾಮಾನು ಬಂದರೆ ಅದನ್ನು ಇಡುವ, ವಿಂಗಡಿಸುವ, ಕೊನೆಗೆ ಎಸೆಯುವ ಕೆಲಸವೂ ಅವರ ತಲೆಗೇ.

ಹಣವಾದರೆ "ಇದಕ್ಕೇ ಖರ್ಚು ಮಾಡಿ" ಅಂತ ಷರತ್ತು ಹಾಕದಿರುವುದು ಒಳ್ಳೆಯದು. ಬಾಡಿಗೆ, ಕರೆಂಟ್ ಬಿಲ್, ಸಂಬಳ ಇಲ್ಲದೆ ಯಾವ ಸಂಸ್ಥೆಯೂ ನಡೆಯುವುದಿಲ್ಲ ಅಲ್ವಾ? ತಿಂಗಳು ತಿಂಗಳು ಚಿಕ್ಕ ಮೊತ್ತ ಕೊಟ್ಟರೂ ಸಾಕು, ಅವರಿಗೆ ಮುಂದಿನ ಲೆಕ್ಕ ಹಾಕಿಕೊಳ್ಳಲು ಸುಲಭ.

"ಶೇ 5 ದಾನಕ್ಕೆ" ಅಂತ ಬೋರ್ಡ್ ಹಾಕುವವರು ಜಾಸ್ತಿ ಎಚ್ಚರ ವಹಿಸಿ. ಯಾವುದರ ಶೇ 5? ಮಾರಾಟ 1,00,000, ಲಾಭ 10,000 ಅಂದುಕೊಳ್ಳಿ. ಮಾರಾಟದ ಲೆಕ್ಕದಲ್ಲಿ 5,000 ಹೋಗುತ್ತದೆ, ಲಾಭದ ಲೆಕ್ಕದಲ್ಲಿ ಬರೀ 500. ಗಿರಾಕಿ ಮನಸ್ಸಿನಲ್ಲಿ ಇರುವುದು ಮೊದಲನೆಯದು! ಹಾಗಾಗಿ ಯಾವುದರ ಪಾಲು, ಯಾವ ಸಂಸ್ಥೆಗೆ, ಯಾವ ದಿನದವರೆಗೆ ಅನ್ನುವುದನ್ನು ಅದೇ ಬೋರ್ಡಿನಲ್ಲಿ ಬರೆಯಿರಿ. ಸಂಸ್ಥೆಯ ಹೆಸರು, ಲೋಗೊ ಹಾಕಲು ಅವರ ಒಪ್ಪಿಗೆ ಬೇಕು. ಮುಗಿದ ಮೇಲೆ ರಸೀದಿಯ ಪ್ರತಿಯನ್ನು ಬಿಲ್ ಕೌಂಟರ್ ಹತ್ತಿರ ಅಂಟಿಸಿ.