ಜಿಪ್ಸಿಯ ಸ್ಟಿಯರಿಂಗ್ ಹಗುರವಾದ ಬಗೆ

ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಓಡಾಡುವ ಹಳೆಯ ಮಾರುತಿ ಜಿಪ್ಸಿಗೆ ಪವರ್ ಸ್ಟಿಯರಿಂಗ್ ಇರಲಿಲ್ಲ. ಅದಕ್ಕೆ 235 ಮಿ.ಮೀ. ಅಗಲದ ಟೈರುಗಳನ್ನು ಹಾಕಿಸಿದ ಮೇಲಂತೂ ಮಳೆಗಾಲದ ಕೆಸರಿನಲ್ಲಿ ಒಂದು ತಿರುವು ದಾಟುವಷ್ಟರಲ್ಲಿ ಭುಜ ಸೋತುಹೋಗುತ್ತಿತ್ತು. ಟಾರು ರಸ್ತೆಯಲ್ಲಿ 60 ಕಿ.ಮೀ. ವೇಗದ ಆಸುಪಾಸಿನಲ್ಲಿ ಚಕ್ರ ಗುಂಡಿಗೆ ಬಿದ್ದರೆ ಸ್ಟಿಯರಿಂಗ್ ಎಡಬಲಕ್ಕೆ ಗಡಗಡನೆ ನಡುಗುತ್ತಿತ್ತು. ಸಣ್ಣ ಕಾರಿನ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಕಾಲಮ್ಮನ್ನು, ಅಂದರೆ ಮೋಟಾರಿನ ನೆರವಿರುವ ಸ್ಟಿಯರಿಂಗ್ ದಂಡವನ್ನು, ಜೋಡಿಸುವುದೆಂದು ತೀರ್ಮಾನಿಸಿದೆ. ಆದರೆ ನಡುಗುವ ಗಾಡಿಗೆ ಮೋಟಾರು ಕೂರಿಸಿದರೆ ಸವೆತದ ಸುದ್ದಿ ಕೈಗೆ ತಲುಪದಂತಾಗುತ್ತದೆಯೇ ಹೊರತು ಸವೆತ ಹೋಗುವುದಿಲ್ಲವಾದ್ದರಿಂದ, ಮೊದಲು ಚಕ್ರದ ಕಡೆಯಿಂದ ಕೆಲಸ ಹಿಡಿದೆ.

ಮುಂದಿನ ಆಕ್ಸಲನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಆಟ, ಅಂದರೆ ಸಡಿಲು, ಕೈಗೆ ಸಿಕ್ಕಿತು. ಮಗಳಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿದೆ. ಆಗಲೂ ಆಟ ಉಳಿದದ್ದರಿಂದ ಅದು ಚಕ್ರ ಉರುಳುವ ಹಬ್ ಬೇರಿಂಗಿನದಲ್ಲ, ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ನಿನದು ಎಂದು ಖಚಿತವಾಯಿತು. ಬಿಚ್ಚಿ ನೋಡಿದರೆ ಕೆಳಗಿನ ಬೇರಿಂಗಿನ ಗ್ರೀಸು ಕೆಂಪು ಮಣ್ಣಿನೊಡನೆ ಬೆರೆತು ಹಳೆಯ ಜೋನಿ ಬೆಲ್ಲದಂತೆ ಗಟ್ಟಿಯಾಗಿತ್ತು. ರೋಲರುಗಳು ಕೂರುವ ಕಪ್ಪಿನ ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು ಸಾಲಾಗಿ ಬಿದ್ದಿದ್ದವು. ಸ್ಟಿಯರಿಂಗ್ ಭಾರವಾಗಲು ದೊಡ್ಡ ಟೈರು ಮಾತ್ರ ಕಾರಣವಲ್ಲ, ರೋಲರುಗಳು ಆ ಗೆರೆಗಳನ್ನು ಹತ್ತಿ ಇಳಿಯಬೇಕಾಗಿದ್ದುದೂ ಕಾರಣವೆಂದು ಆಗ ಅರ್ಥವಾಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬೇರಿಂಗ್, ಸೀಲು ಮತ್ತು ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಎಂಬ ಸರಳಿನ ತುದಿಯ ಕೀಲುಗಳನ್ನು ತರಿಸಿದೆ. ಬಿಗಿಯಾಗಿರಲಿ ಎಂಬ ಆಸೆಯಿಂದ ಮೇಲಿನ ಕಿಂಗ್ ಪಿನ್ನಿನ ಅಡಿಯಲ್ಲಿದ್ದ, ಬಿಗಿಯನ್ನು ಹೊಂದಿಸುವ ತೆಳು ಲೋಹದ ಬಿಲ್ಲೆಗಳಾದ ಶಿಮ್ಮುಗಳಲ್ಲಿ ಒಂದನ್ನು ಹೆಚ್ಚಾಗಿಯೇ ತೆಗೆದುಬಿಟ್ಟಿದ್ದೆ. ಪರಿಣಾಮವಾಗಿ ತಿರುವು ಮುಗಿದರೂ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದೆ ತಿರುಗಿಸಿದಲ್ಲೇ ನಿಲ್ಲತೊಡಗಿತು. ಮತ್ತೆ ಬಿಚ್ಚಿ ಆ ಶಿಮ್ಮನ್ನು ವಾಪಸು ಹಾಕಿ, ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಎರಡೂ ಕಡೆ ಸಮನಾದ ಬಿಗಿ ಬರುವಂತೆ ನೋಡಿಕೊಂಡೆ. ಮುಂದಿನ ಎರಡು ಟೈರುಗಳ ನಡುವಿನ ಅಂತರ ಅವುಗಳ ಹಿಂಬದಿಗಿಂತ ಮುಂಬದಿಯಲ್ಲಿ 4 ಮಿ.ಮೀ. ಕಡಿಮೆ ಇರುವಂತೆ ಟೈ ರಾಡನ್ನು ಹೊಂದಿಸಿದ ಮೇಲೆ ನಡುಕ ನಿಂತಿತು.

ಇನ್ನು ಕಾಲಮ್. ವಾಹನದ ಮೂಲ ಸ್ವರೂಪದ ಬದಲಾವಣೆಯನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುವುದರಿಂದ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ಗುಜರಿಯಲ್ಲಿ ಕೊಂಡ ಮೊದಲ ಕಾಲಮ್ಮಿನ ತುದಿಯಲ್ಲಿ ಸುತ್ತಿಗೆಯ ಗುರುತಿತ್ತು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಕ್ರಗಳು ಇನ್ನೂ ಗಾಳಿಯಲ್ಲಿದ್ದಾಗ ಕೀ ತಿರುಗಿಸಿದೆ. ಯಾರೂ ಮುಟ್ಟದಿದ್ದರೂ ಸ್ಟಿಯರಿಂಗ್ ನಿಧಾನವಾಗಿ ಎಡಕ್ಕೆ ತಿರುಗುತ್ತಾ ಹೋಗಿ ಕೊನೆಯಲ್ಲಿ ಅಪ್ಪಳಿಸಿ ನಿಂತಿತು. ಕೈಯ ಒತ್ತಡವನ್ನು ಅಳೆಯುವ ಟಾರ್ಕ್ ಸೆನ್ಸರ್ ಆ ಸುತ್ತಿಗೆಯ ಏಟಿನಿಂದ ಸರಿದು, ಯಾರೋ ಸದಾ ಎಡಕ್ಕೆ ತಿರುಗಿಸುತ್ತಿದ್ದಾರೆಂದು ಭ್ರಮಿಸಿತ್ತು. ರಸ್ತೆಯಲ್ಲಿ ಹೀಗಾಗಿದ್ದರೆ ಎಂದು ನೆನೆದು ಆ ಕಾಲಮ್ಮನ್ನು ಅಂದೇ ಬಿಚ್ಚಿ ಬಿಸಾಡಿದೆ.

ಎರಡನೆಯದನ್ನು ಕೂರಿಸುವಾಗ, ಜಿಪ್ಸಿಯ ಶಾಫ್ಟಿಗೆ ಅದನ್ನು ಬೆಸೆಯುವ ಕೆಲಸವನ್ನು ಮಾತ್ರ ಅನುಭವಿ ಲೇತ್ ಕೆಲಸಗಾರರಿಗೆ ಒಪ್ಪಿಸಿದೆ. ಎಲ್ಲವನ್ನೂ ಮನೆಯಲ್ಲೇ ಮಾಡಿದೆನೆಂಬ ಜಂಬಕ್ಕಾಗಿ ಪ್ರಾಣ ಪಣಕ್ಕಿಡಬಾರದು. ಮೋಟಾರು ಶಾಫ್ಟನ್ನು ತಿರುಗಿಸುವಷ್ಟೇ ಬಲದಿಂದ ತನ್ನ ಮೈಯನ್ನೂ ಎದುರು ದಿಕ್ಕಿಗೆ ತಿರುಚುವುದರಿಂದ ಡ್ಯಾಶ್‌ಬೋರ್ಡಿನ ಕೆಳಗೆ ದಪ್ಪ ಬ್ರಾಕೆಟ್ ಹಾಕಿ, ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಸಹಿತ ದಪ್ಪ ವೈರ್ ಎಳೆದೆ. ನಮ್ಮ ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ಲಿನಿಂದ ನಡೆಯುವುದರಿಂದ, ಮೋಟಾರಿನ ನೆರವನ್ನು ವೇಗಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುವ ಕಂಟ್ರೋಲ್ ಯೂನಿಟ್ಟಿಗೆ ವೇಗದ ಮಾಹಿತಿ ಸಿಗುವುದಿಲ್ಲ. ಹಾಗಾಗಿ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಅಗತ್ಯಕ್ಕಿಂತ ಹಗುರ ಎನಿಸುತ್ತದೆ, ಆ ಕೊರತೆ ಇಂದಿಗೂ ಉಳಿದಿದೆ. ತೋಟದ ಕೆಸರಿನಲ್ಲಿ ಮಾತ್ರ ಈಗ ಒಂದೇ ಕೈ ಸಾಕು.

ಸುಮಾರು 500 ಕಿ.ಮೀ. ಓಡಿಸಿದ ಮೇಲೆ ಅಡಿಗೆ ನುಸುಳಿ ಎಲ್ಲ ನಟ್ಟುಗಳಿಗೂ ಸ್ಪ್ಯಾನರ್ ಹಾಕಿದಾಗ, ಟೈ ರಾಡಿನ ಒಂದು ಲಾಕ್ ನಟ್ ಅರ್ಧ ಸುತ್ತು ಸಡಿಲಾಗಿತ್ತು.