ಲೆಗೊ ರೈಲಿಗೆ ದೀಪ: ಮುಂದೆ ಬಿಳಿ, ಹಿಂದೆ ಕೆಂಪು

ಮೋಟಾರು ಕೂರಿಸಿದ ಲೆಗೊ ರೈಲಿಗೆ ದೀಪ ಹಾಕುವಾಗ ದೀಪದ ಕೆಲಸವೇ ಎಲ್ಲಕ್ಕಿಂತ ಸುಲಭ. ಕರೆಂಟ್ ಎಲ್ಲಿಂದ ತರುವುದು, ತಂತಿಯನ್ನು ಯಾವ ದಾರಿಯಲ್ಲಿ ಒಯ್ಯುವುದು ಎಂಬಲ್ಲೇ ಕೈ ಕಟ್ಟುತ್ತದೆ. ಅವೆರಡೂ ತೀರ್ಮಾನವಾಗುವ ತನಕ ಎಂಜಿನ್ನಿನ ಮೇಲ್ಛಾವಣಿ ಮುಚ್ಚಬೇಡಿ. ಮುಚ್ಚಿದಿರಾದರೆ ಮತ್ತೆ ಬಿಚ್ಚುವುದು ಖಚಿತ.

ಮೊದಲು ನಿಮ್ಮ ರೈಲು ಯಾವ ಕಾಲದ್ದು ಎಂದು ಗುರುತಿಸಿ. ಹಳಿಯ ಮೇಲೆ ಲೋಹದ ಪಟ್ಟಿಯಿದ್ದು, ಬ್ಯಾಟರಿಯೇ ಇಲ್ಲದೆ ಓಡುತ್ತಿದ್ದರೆ ಅದು 1991ರಲ್ಲಿ ಬಂದ 9 ವೋಲ್ಟ್ ರೈಲು. ಪ್ಲಗ್ಗುಗಳು ಒಂದರ ಮೇಲೊಂದು ಕೂರುತ್ತವೆ, ರಿಮೋಟ್ ಇನ್ಫ್ರಾರೆಡ್‌ನದು ಎಂದಾದರೆ 2007ರಿಂದ ಬಂದ ಪವರ್ ಫಂಕ್ಷನ್ಸ್. ಬ್ಲೂಟೂತ್ ರಿಮೋಟು, ಹಬ್ಬಿನಲ್ಲಿ (ಬ್ಯಾಟರಿಯೂ ಬ್ಲೂಟೂತೂ ಇರುವ ಪೆಟ್ಟಿಗೆ) ಎರಡೇ ಎರಡು ಚೌಕ ಕಿಂಡಿ ಇದ್ದರೆ 2018ರ ನಂತರದ ಪವರ್ಡ್ ಅಪ್. ಒಂದರ ದೀಪ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ.

ಪವರ್ಡ್ ಅಪ್ ರೈಲು: ಹತ್ತು ನಿಮಿಷದ ಕೆಲಸ

88005 ಸಂಖ್ಯೆಯ ದೀಪದಲ್ಲಿ ಒಂದೇ ಪ್ಲಗ್ಗಿನಿಂದ ಎರಡು ಬಿಳಿ ಎಲ್‌ಇಡಿ ಹೊರಡುತ್ತವೆ. ಮೋಟಾರನ್ನು ಎ ಕಿಂಡಿಗೂ ದೀಪವನ್ನು ಬಿ ಕಿಂಡಿಗೂ ಸಿಕ್ಕಿಸಿ. ರಿಮೋಟಿನ ಬಿ ಬದಿಯ ಕೂಡು ಗುಂಡಿ ಒತ್ತಿದರೆ ಬೆಳಕು ಏರುತ್ತದೆ, ಕಳೆ ಗುಂಡಿಗೆ ಇಳಿಯುತ್ತದೆ, ಕೆಂಪು ಗುಂಡಿಗೆ ಆರುತ್ತದೆ. ರೈಲು ನಿಂತಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಈ ವ್ಯವಸ್ಥೆಯ ದೊಡ್ಡ ಅನುಕೂಲ ಅದೇ.

ಎರಡೂ ಎಲ್‌ಇಡಿಗಳನ್ನು ಮುಂದಕ್ಕೇ ಹಾಕಬೇಕೆಂದಿಲ್ಲ. ಒಂದನ್ನು ಹಿಂದಕ್ಕೆ ಎಳೆದು, ಅದರ ಮುಂದೆ ಪಾರದರ್ಶಕ ಕೆಂಪು ಬಣ್ಣದ 1×1 ದುಂಡು ಪ್ಲೇಟ್ ಇಟ್ಟರೆ ಹಿಂಬದಿಯ ಕೆಂಪು ದೀಪ ಸಿದ್ಧ. ಮುಂದಿನದು ಆಸ್ಪತ್ರೆಯ ಟ್ಯೂಬ್‌ಲೈಟಿನಂತೆ ತೀರಾ ಬೆಳ್ಳಗೆ ಕಂಡರೆ ಪಾರದರ್ಶಕ ಹಳದಿ ಪ್ಲೇಟ್ ಹಾಕಿ. ಹಳೆಯ ಉಗಿಬಂಡಿಗೆ ಆ ಬಣ್ಣವೇ ಒಪ್ಪುತ್ತದೆ. ಹಬ್ಬನ್ನು ಬಿಚ್ಚಿ ಸ್ವಂತ ತಂತಿ ಎಳೆಯುವ ಸಾಹಸ ಬೇಡ. ಹೆಚ್ಚು ದೀಪ ಬೇಕೆನಿಸಿದರೆ ಬೋಗಿಗಳಿಗೆ ಪ್ರತ್ಯೇಕ ಬ್ಯಾಟರಿ ಕೊಡುವುದು ಮೇಲು. ಅದು ಮುಂದೆ ಬರುತ್ತದೆ.

ಪವರ್ ಫಂಕ್ಷನ್ಸ್: ನಾಲ್ಕು ತಂತಿಯ ಗುಟ್ಟು

ಇದರ ದೀಪದ ಸಂಖ್ಯೆ 8870. ಎಲ್ಲರೂ ಮೊದಲು ಮಾಡುವ ತಪ್ಪು ಇದು: ದೀಪದ ಪ್ಲಗ್ಗನ್ನು ಮೋಟಾರಿನ ಪ್ಲಗ್ಗಿನ ಮೇಲೆಯೇ ಕೂರಿಸುತ್ತಾರೆ. ಆಗ ರೈಲು ನಿಂತರೆ ದೀಪವೂ ಆರುತ್ತದೆ, ನಿಧಾನ ಓಡಿದರೆ ಮಂಕಾಗುತ್ತದೆ. ರಿಸೀವರ್ (ರಿಮೋಟಿನ ಸಂಕೇತ ಹಿಡಿದು ಮೋಟಾರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ವೇಗ ಇಳಿಸಲು ವೋಲ್ಟೇಜನ್ನು ಇಳಿಸುವುದಿಲ್ಲ, ಕರೆಂಟನ್ನು ಬೇಗಬೇಗ ಕೊಟ್ಟು ಕಡಿದು ಮಾಡುತ್ತದೆ. ದೀಪಕ್ಕೆ ಸಿಗುವುದೂ ಆ ತುಂಡು ಕರೆಂಟೇ. ಇದಕ್ಕೆ ಎರಡು ದಾರಿಗಳಿವೆ. ರಿಸೀವರಿನಲ್ಲಿ ಕೆಂಪು, ನೀಲಿ ಎಂದು ಎರಡು ಹೊರದಾರಿಗಳಿವೆಯಷ್ಟೆ. ಮೋಟಾರು ಕೆಂಪಿನಲ್ಲಿದ್ದರೆ ದೀಪವನ್ನು ನೀಲಿಗೆ ಹಾಕಿ, ರಿಮೋಟಿನ ನೀಲಿ ತಿರುಗಣೆಯನ್ನು ಬೆಳಕು ಪೂರ್ತಿ ಏರುವವರೆಗೆ ತಿರುಗಿಸಿ ಬಿಡಿ. ಇಲ್ಲವೇ ದೀಪದ ಪ್ಲಗ್ಗನ್ನು ಬ್ಯಾಟರಿ ಪೆಟ್ಟಿಗೆಯ ಮೇಲೆ, ರಿಸೀವರಿನ ಪ್ಲಗ್ಗಿನ ಜೊತೆಯಲ್ಲೇ ಜೋಡಿಸಿ. ಪೆಟ್ಟಿಗೆ ಆನ್ ಇರುವಷ್ಟು ಹೊತ್ತು ಉರಿಯುತ್ತದೆ, ರಿಮೋಟಿನ ಹಂಗಿಲ್ಲ.

ದಿಕ್ಕು ಬದಲಾದಂತೆ ದೀಪವೂ ಬದಲಾಗಬೇಕು, ಮುಂದೆ ಹೋಗುವಾಗ ಮುಂದೆ ಬಿಳಿ ಹಿಂದೆ ಕೆಂಪು, ಹಿಂದಕ್ಕೆ ಬಂದರೆ ಅದಲು ಬದಲು ಎಂದಾದರೆ ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳಬೇಕು. ಪವರ್ ಫಂಕ್ಷನ್ಸ್ ಕೇಬಲ್ಲಿನಲ್ಲಿ ನಾಲ್ಕು ತಂತಿಗಳು ಪಟ್ಟಿಯಂತೆ ಅಂಟಿಕೊಂಡಿವೆ. ಅಂಚಿನ ಎರಡು 0 ಮತ್ತು 9 ವೋಲ್ಟ್. ಇವು ಯಾವಾಗಲೂ ಜೀವಂತ. ನಡುವಿನ ಎರಡು, ಸಿ1 ಮತ್ತು ಸಿ2, ಮೋಟಾರಿಗೆ ಹೋಗುವವು. ದಿಕ್ಕು ಬದಲಿಸಿದಾಗ ಇವುಗಳ ಧನ, ಋಣ ತಿರುಗುಮುರುಗಾಗುತ್ತವೆ. ಎಲ್‌ಇಡಿ ಒಂದೇ ದಿಕ್ಕಿನ ಕರೆಂಟಿಗೆ ಉರಿಯುವುದರಿಂದ ನಮ್ಮ ಕೆಲಸ ಅರ್ಧ ಮುಗಿದಂತೆಯೇ.

ಒಂದು ಎಂಜಿನ್ನಿಗೆ, ಎರಡೂ ತುದಿಯಲ್ಲಿ ಎರಡೆರಡು ದೀಪದ ಲೆಕ್ಕದಲ್ಲಿ, ಬೇಕಾದ ಸಾಮಾನು: 3 ಮಿ.ಮೀ. ಬಿಳಿ ಎಲ್‌ಇಡಿ 4, ಅದೇ ಅಳತೆಯ ಕೆಂಪು 4, ಕರೆಂಟಿಗೆ ಮಿತಿ ಹಾಕುವ 1 ಕಿಲೋಓಮ್ ಕಾಲು ವ್ಯಾಟ್ ರೆಸಿಸ್ಟರ್ 4 (ಕಂದು, ಕಪ್ಪು, ಕೆಂಪು ಪಟ್ಟಿ), 20 ಸೆಂ.ಮೀ. ಉದ್ದದ 8886 ವಿಸ್ತರಣಾ ಕೇಬಲ್ 1, ತೆಳು ತಂತಿ, 2 ಮಿ.ಮೀ. ಹೀಟ್ ಶ್ರಿಂಕ್ ಕೊಳವೆ (ಬಿಸಿ ತಾಗಿದರೆ ಕುಗ್ಗಿ ಬೆಸುಗೆಯನ್ನು ಮುಚ್ಚುವಂಥದು), ಎರಡು ಪಿನ್ನಿನ ಸಣ್ಣ ಕನೆಕ್ಟರ್ ಒಂದೆರಡು ಜೊತೆ. ಕೇಬಲ್ ಬಿಟ್ಟು ಉಳಿದದ್ದೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಂಥ ಬೀದಿಯಲ್ಲಿ ಒಂದೇ ಅಂಗಡಿಯಲ್ಲಿ ಸಿಗುವಂಥವು. 5 ಮಿ.ಮೀ. ಎಲ್‌ಇಡಿ ತರಬೇಡಿ. ಟೆಕ್ನಿಕ್ ಇಟ್ಟಿಗೆಯ ತೂತು 4.8 ಮಿ.ಮೀ. ಮಾತ್ರ, ಉಜ್ಜದೆ ಅದು ಒಳಹೋಗದು. 3 ಮಿ.ಮೀ. ಎಲ್‌ಇಡಿ ಟೊಳ್ಳು ಗುಬ್ಬಿಯೊಳಗೆ (ಗುಬ್ಬಿ ಎಂದರೆ ಇಟ್ಟಿಗೆಯ ಮೇಲಿನ ದುಂಡು ಉಬ್ಬು) ಅಳತೆ ಮಾಡಿಟ್ಟಂತೆ ಕೂರುತ್ತದೆ.

ಕೇಬಲ್ಲಿನ ಗಾಢ ಬೂದು ತುದಿಯನ್ನು ಕತ್ತರಿಸಿ ತೆಗೆಯಿರಿ. ತಿಳಿ ಬೂದು ತುದಿ ರಿಸೀವರಿನ ಮೇಲೆ ಕೂರಬೇಕು, ಅದರ ಮೇಲೆ ಮೋಟಾರಿನ ಪ್ಲಗ್. ನಾಲ್ಕು ತಂತಿಗಳನ್ನು 3 ಸೆಂ.ಮೀ. ಬಿಡಿಸಿ, ಈಗ ಬೇಡವಾದ ಅಂಚಿನ ಎರಡನ್ನು ಬೇರೆಬೇರೆಯಾಗಿ ಟೇಪ್ ಸುತ್ತಿ ಮಡಚಿಡಿ. ಅವೆರಡು ಒಂದಕ್ಕೊಂದು ತಾಗಿದರೆ ಬ್ಯಾಟರಿ ನೇರ ಶಾರ್ಟ್.

ಈಗ ಜೋಡಿ ಕಟ್ಟುವುದು. ಎಲ್‌ಇಡಿಯ ಉದ್ದ ಕಾಲು ಧನ, ಗಿಡ್ಡ ಕಾಲು ಋಣ. ಒಂದು ಬಿಳಿ, ಒಂದು ಕೆಂಪು ತೆಗೆದುಕೊಂಡು ಬಿಳಿಯ ಉದ್ದ ಕಾಲಿಗೆ ಕೆಂಪಿನ ಗಿಡ್ಡ ಕಾಲನ್ನೂ, ಬಿಳಿಯ ಗಿಡ್ಡ ಕಾಲಿಗೆ ಕೆಂಪಿನ ಉದ್ದ ಕಾಲನ್ನೂ ಬೆಸೆಯಿರಿ. ಒಂದು ಬದಿಗೆ 1 ಕಿಲೋಓಮ್ ಸೇರಿಸಿ. ಬೆಸುಗೆ ಕಡ್ಡಿ ಎಲ್‌ಇಡಿಯ ಕಾಲಿಗೆ 3 ಸೆಕೆಂಡಿಗಿಂತ ಹೆಚ್ಚು ಹೊತ್ತು ತಾಗದಿರಲಿ. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ನುಂಗುತ್ತದೆ. 9ರಲ್ಲಿ ಉಳಿದ 6 ವೋಲ್ಟನ್ನು 1000 ಓಮ್‌ಗೆ ಭಾಗಿಸಿದರೆ 6 ಮಿಲಿಆಂಪ್. ಕೆಂಪು ನುಂಗುವುದು 2 ವೋಲ್ಟ್, ಆದ್ದರಿಂದ ಅದಕ್ಕೆ 7. ಆಟಿಕೆಯ ದೀಪಕ್ಕೆ ಇಷ್ಟು ಸಾಕೋ ಸಾಕು, ಕಣ್ಣು ಕುಕ್ಕುವುದಿಲ್ಲ. ಯಾವ ದಿಕ್ಕಿನಲ್ಲಿ ಓಡಿದರೂ ಒಮ್ಮೆಗೆ ಉರಿಯುವವು ನಾಲ್ಕೇ ಆದ್ದರಿಂದ ಒಟ್ಟು 26 ಮಿಲಿಆಂಪ್ ಆಸುಪಾಸು. ಮೋಟಾರಿನ ಹಸಿವಿನ ಮುಂದೆ ಇದು ಲೆಕ್ಕಕ್ಕಿಲ್ಲ.

ಹೀಗೆ ವಿರುದ್ಧವಾಗಿ ಜೋಡಿಸುವುದರಲ್ಲಿ ಇನ್ನೊಂದು ಲಾಭವಿದೆ. ಸಾಮಾನ್ಯ ಎಲ್‌ಇಡಿ ಉಲ್ಟಾ ದಿಕ್ಕಿನಲ್ಲಿ ತಡೆಯುವುದು 5 ವೋಲ್ಟ್ ಮಾತ್ರ. ಒಂಟಿ ಎಲ್‌ಇಡಿಯನ್ನು ಸಿ1, ಸಿ2ಗೆ ಹಾಕಿದರೆ ರೈಲು ಹಿಂದಕ್ಕೆ ಓಡಿದಾಗಲೆಲ್ಲ ಅದರ ಮೇಲೆ ಪೂರ್ತಿ 9 ಬೀಳುತ್ತದೆ. ಕೆಲವು ದಿನ ಉರಿದು, ಕಾರಣ ಗೊತ್ತಾಗದಂತೆ ಸಾಯುತ್ತದೆ. ಜೋಡಿಯಲ್ಲಿ ಒಂದು ಉರಿಯುವಾಗ ಇನ್ನೊಂದರ ಮೇಲೆ 3 ವೋಲ್ಟಿಗಿಂತ ಹೆಚ್ಚು ಬೀಳದು.

ನಾಲ್ಕು ಜೋಡಿ ಆದವಲ್ಲ, ಮುಂದಿನ ಎರಡನ್ನು ಸಿ1, ಸಿ2ಗೆ ಒಂದು ರೀತಿಯಲ್ಲಿ, ಹಿಂದಿನ ಎರಡನ್ನು ತಂತಿ ಅದಲು ಬದಲು ಮಾಡಿ ಸೇರಿಸಿ. ಯಾವುದು ಹೇಗೆಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೋಟಾರನ್ನು ಯಾವ ಕಡೆಗೆ ಮುಖ ಮಾಡಿ ಕೂರಿಸಿದ್ದೀರಿ ಎಂಬುದರ ಮೇಲೂ ಅದು ನಿಂತಿದೆ. ಬೆಸೆಯುವ ಮೊದಲು ತಂತಿ ತಿರುಚಿ, ರೈಲನ್ನು ಮುಂದಕ್ಕೆ ಓಡಿಸಿ ನೋಡಿ. ಮುಂದೆ ಕೆಂಪು ಬಂದರೆ ಎರಡು ತಂತಿ ಬದಲಿಸಿದರಾಯಿತು.

ರೈಲು ನಿಂತಾಗ ಇವು ಆರುತ್ತವೆ, ಅದು ಈ ವಿಧಾನದ ಸ್ವಭಾವ. ಕ್ಯಾಬಿನ್ನಿನೊಳಗಿನ ದೀಪ ಸದಾ ಉರಿಯಬೇಕಾದರೆ ಆಗ ಮಡಚಿಟ್ಟ ಅಂಚಿನ ತಂತಿಗಳಿಂದ ಇನ್ನೊಂದು 1 ಕಿಲೋಓಮ್ ಮೂಲಕ ಕೊಡಿ. ಅವೆರಡರಲ್ಲಿ ಧನ ಯಾವುದೆಂದು ಮಲ್ಟಿಮೀಟರ್ ಹೇಳುತ್ತದೆ.

ಹಳೆಯ 9 ವೋಲ್ಟ್ ಹಳಿಯ ರೈಲಿಗೂ ಇದೇ ಜೋಡಿ ನಡೆಯುತ್ತದೆ. ಅಲ್ಲಿಯೂ ದಿಕ್ಕಿನೊಂದಿಗೆ ಧನ, ಋಣ ತಿರುಗುತ್ತವೆ. ಹಳಿಯಲ್ಲಿ ಧೂಳಿದ್ದರೆ ದೀಪ ಮಿಟುಕುತ್ತದೆ. ಮೊದಲು ಹಳಿ ಒರೆಸಿ.

ತಂತಿಯ ದಾರಿ

ಹೆಡ್‌ಲೈಟ್ ಇಟ್ಟಿಗೆ ಎಂದೇ ಹೆಸರಾದ 4070 ಭಾಗ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಪಕ್ಕದ ಗುಬ್ಬಿ ಟೊಳ್ಳು, ಬೆನ್ನಿಗೆ ಚೌಕ ಕಿಂಡಿ. ಎಲ್‌ಇಡಿಯನ್ನು ಬೆನ್ನಿನಿಂದ ತೂರಿಸಿ, ಕಾಲುಗಳನ್ನು 5 ಮಿ.ಮೀ.ಗೆ ಕತ್ತರಿಸಿ, ಹೀಟ್ ಶ್ರಿಂಕ್ ಹಾಕಿ. ಹಿಂದೆ ಒಂದು ಗುಬ್ಬಿಯಷ್ಟು, ಅಂದರೆ 8 ಮಿ.ಮೀ. ಜಾಗ ಖಾಲಿ ಬಿಡಬೇಕು. ಬಿಳಿಯೂ ಕೆಂಪೂ ಒಂದೇ ಇಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಒಂದರ ಮೇಲೊಂದು ಎರಡು ಇಟ್ಟಿಗೆ ಇಡಿ.

ಮಾಮೂಲಿ ತಂತಿ ಇಟ್ಟಿಗೆಗಳ ನಡುವೆ ಸಿಕ್ಕಿದರೆ ಗೋಡೆ ಪೂರ್ತಿ ಕೂರದೆ ಎದ್ದು ನಿಲ್ಲುತ್ತದೆ. ಮೋಟಾರು ರೀವೈಂಡಿಂಗ್ ಮಾಡುವವರ ಬಳಿ ಸಿಗುವ 0.1 ಮಿ.ಮೀ. ಎನಾಮಲ್ ಲೇಪದ (ಕರೆಂಟ್ ಹಾಯಿಸದ ತೆಳು ಪದರದ) ತಾಮ್ರದ ತಂತಿಯಾದರೆ ಸಂದಿಯಲ್ಲಿ ಹಾದು ಹೋಗುತ್ತದೆ. ಒಂದೇ ಎಚ್ಚರ: ಗುಬ್ಬಿಗಳ ನಡುವಿನ 3.2 ಮಿ.ಮೀ. ಕಾಲುವೆಯಲ್ಲಿ ಹೋಗಬೇಕೇ ಹೊರತು ಗುಬ್ಬಿಯ ನೆತ್ತಿ ದಾಟಬಾರದು. ದಾಟಿದರೆ ಒತ್ತಿದ ಕ್ಷಣ ಎನಾಮಲ್ ಹೋಗಿ ತಂತಿ ತುಂಡಾಗುತ್ತದೆ. ಬೆಸೆಯುವ ಮೊದಲು ತುದಿಯ ಎನಾಮಲ್ಲನ್ನು ಬ್ಲೇಡಿನಿಂದ ಕೆರೆಯಿರಿ. ಕೆರೆಯದೆ ಬೆಸೆದರೆ ಅಂಟಿದಂತೆ ಕಾಣುತ್ತದೆ, ಕರೆಂಟ್ ಹರಿಯುವುದಿಲ್ಲ.

ಲೆಗೊ ತಿರುವಿನ ತ್ರಿಜ್ಯ 40 ಗುಬ್ಬಿ, ಅಂದರೆ 32 ಸೆಂ.ಮೀ. ಮಾತ್ರ. ಅಲ್ಲಿ ಮೋಟಾರು ಎಂಜಿನ್ನಿನ ಒಡಲಿನ ಕೆಳಗೆ ಚೆನ್ನಾಗಿಯೇ ತಿರುಗುತ್ತದೆ. ಅದರ ಪಕ್ಕ ಹಾಯುವ ತಂತಿಗೆ ಒಂದು ಸುತ್ತು ಸಡಿಲ ಬಿಡಿ. ಬ್ಯಾಟರಿ ಬದಲಿಸಲು ಎತ್ತುವ ಛಾವಣಿಯಲ್ಲಿ ದೀಪವಿದ್ದರೆ ಆ ಜಾಗಕ್ಕೆ ಎರಡು ಪಿನ್ನಿನ ಕನೆಕ್ಟರ್ ಬೇಕೇಬೇಕು.

ಬೋಗಿಗಳಿಗೆ

ಎಂಜಿನ್ನಿನಿಂದ ಬೋಗಿಗೆ ತಂತಿ ಎಳೆಯಬಹುದು, ಆದರೆ ಆಯಸ್ಕಾಂತದ ಕೊಂಡಿಯ ಸುಖ ಅಲ್ಲಿಗೆ ಮುಗಿಯಿತು. ಹಳಿ ತಪ್ಪಿದ ದಿನ ತಂತಿಯೂ ಕಿತ್ತು ಬರುತ್ತದೆ. ಪ್ರತಿ ಬೋಗಿಗೂ ಅದರದೇ ಬ್ಯಾಟರಿ ಇರಲಿ. ಸ್ವಿಚ್ಚಿರುವ ಪೆಟ್ಟಿಗೆಯಲ್ಲಿ ಎರಡು ಸಿಆರ್ 2032 ನಾಣ್ಯದ ಸೆಲ್ ಹಾಕಿದರೆ 6 ವೋಲ್ಟ್. ಮೂರು ಹಳದಿ ಛಾಯೆಯ ಬಿಳಿ ಎಲ್‌ಇಡಿ, ಪ್ರತಿಯೊಂದಕ್ಕೂ ಪ್ರತ್ಯೇಕ 1.5 ಕಿಲೋಓಮ್. ತಲಾ 2 ಮಿಲಿಆಂಪ್ ಆಯಿತು. ಸೆಲ್ಲಿನ ಸುಮಾರು 220 ಮಿಲಿಆಂಪ್ ಗಂಟೆಗೆ 30 ಗಂಟೆಯ ಮೇಲೆ ಬರಬೇಕು, ಕೊನೆಕೊನೆಗೆ ಮಂಕಾಗುತ್ತ. ಎಲ್‌ಇಡಿಗಳನ್ನು ಛಾವಣಿಗೆ ಅಂಟಿಸಿ ಕೆಳಗೆ ತಿರುಗಿಸಿದರೆ ಸೀಟಿನ ಮೇಲೆ ಚುಕ್ಕಿ ಚುಕ್ಕಿ ಬೆಳಕು. ನೆಲದಿಂದ ಮೇಲಕ್ಕೆ ತಿರುಗಿಸಿ, ಛಾವಣಿಯ ಒಳಗೆ ಬಿಳಿ ಪ್ಲೇಟ್ ಹಾಕಿ. ಬೆಳಕು ಬಡಿದು ಮೆತ್ತಗೆ ಹರಡುತ್ತದೆ. ನಾಣ್ಯದ ಸೆಲ್ ನುಂಗಿದರೆ ಮಗುವಿನ ಜೀವಕ್ಕೇ ಅಪಾಯ. ಸ್ಕ್ರೂ ಮುಚ್ಚಳದ ಪೆಟ್ಟಿಗೆಯನ್ನೇ ಬಳಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೂರು ಎಎಎ ಸೆಲ್ಲಿನ ಪೆಟ್ಟಿಗೆ, ಎಲ್‌ಇಡಿಗೊಂದು 470 ಓಮ್ ಲೇಸು.

ಕೆಟ್ಟರೆ ಎಲ್ಲಿ ನೋಡಬೇಕು

ಒಂದೇ ರೆಸಿಸ್ಟರಿಗೆ ಬಿಳಿ, ಕೆಂಪು ಎರಡನ್ನೂ ಒಂದೇ ದಿಕ್ಕಿನಲ್ಲಿ ಸೇರಿಸಿದರೆ ಕೆಂಪು ಮಾತ್ರ ಉರಿಯುತ್ತದೆ. ಅದು 2 ವೋಲ್ಟಿಗೇ ಕರೆಂಟೆಲ್ಲ ಎಳೆದುಕೊಂಡು, 3 ಬೇಕಾದ ಬಿಳಿಯನ್ನು ಉಪವಾಸ ಕೆಡವುತ್ತದೆ. ತಿರುವಿನಲ್ಲಿ ಮಾತ್ರ ಮಿಟುಕಿದರೆ ಪ್ಲಗ್ ಪೂರ್ತಿ ಒತ್ತಿಲ್ಲ ಅಥವಾ ಮೋಟಾರಿನ ಬಳಿ ತಂತಿ ಒಳಗೇ ಮುರಿದಿದೆ. ದೀಪ ಸೇರಿಸಿದ ಮೇಲೆ ರೈಲೇ ಅಲುಗದಿದ್ದರೆ ಸಿ1, ಸಿ2 ಎಲ್ಲೋ ತಾಗಿವೆ. ರೀಚಾರ್ಜ್ ಸೆಲ್ ಹಾಕಿದಾಗ ದೀಪ ಸ್ವಲ್ಪ ಮಂಕಾಗುವುದು ಸಹಜ. ಆರು ಸೆಲ್ ಸೇರಿ 7.2 ವೋಲ್ಟ್ ಅಷ್ಟೇ. ಹಾಗಾಗಿಯೇ ಎರಡು ಬಿಳಿ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಬಾರದು. ಬಿಳಿ, ಹಳದಿ ಇಟ್ಟಿಗೆಯ ಗೋಡೆಯೇ ಹೊಳೆಯತೊಡಗಿದರೆ ಒಳಗೆ ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿ. ಅಲ್ಯುಮಿನಿಯಂ ಹಾಳೆ ಬೇಡ, ಅದು ಶಾರ್ಟಿಗೆ ಆಹ್ವಾನ.

ಭಾರತೀಯ ರೈಲಿನ ಮಾದರಿ ಕಟ್ಟುವವರಿಗೆ ಒಂದು ಸೇರ್ಪಡೆ: ನಮ್ಮಲ್ಲಿ ಗಾಡಿಯ ಕೊನೆಯ ಬೋಗಿಗೆ ಎಲ್‌ವಿ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಬೋಗಿ) ಫಲಕ ಮತ್ತು ಮಿನುಗುವ ಕೆಂಪು ದೀಪ ಇರುತ್ತವೆ, ಗಾಡಿ ಪೂರ್ತಿ ದಾಟಿತೆಂದು ಸ್ಟೇಷನ್ನಿನವರಿಗೆ ತಿಳಿಯಲು. ತಾನೇ ಮಿನುಗುವ ಕೆಂಪು ಎಲ್‌ಇಡಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸಿಆರ್ 2032, ಒಂದು 100 ಓಮ್, ಒಂದು ಸ್ವಿಚ್ಚು ಸಾಕು. ಬೇರೆ ಸರ್ಕ್ಯೂಟ್ ಬೇಡ.