ಟ್ರೈಆಕ್ಟೈಲ್ ಅಮೈನ್‌ನಿಂದ ಕೋಬಾಲ್ಟ್–ನಿಕ್ಕಲ್ ಬಿಡಿಸಿದ ಬಗೆ

ಕೋಬಾಲ್ಟ್, ನಿಕ್ಕಲ್ ಎರಡೂ ಒಂದೇ ದ್ರಾವಣದಲ್ಲಿದ್ದರೆ ಕ್ಷಾರ ಹಾಕಿ ಒಂದನ್ನೇ ಗಸಿಯಾಗಿ ಇಳಿಸುವುದು ಕಷ್ಟ. ಇನ್ನೊಂದೂ ಜೊತೆಗೇ ಇಳಿಯುತ್ತದೆ. ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಾದರೆ ಇವುಗಳ ದಾರಿ ಬೇರೆಯಾಗುತ್ತದೆ. ಕೋಬಾಲ್ಟ್ ನಾಲ್ಕು ಕ್ಲೋರೈಡ್‌ಗಳನ್ನು ಕಟ್ಟಿಕೊಂಡು ಋಣ ಅಯಾನಾಗುತ್ತದೆ, ನಿಕ್ಕಲ್ ಹಾಗೆ ಆಗುವುದಿಲ್ಲ. ಆಮ್ಲ ಹಿಡಿದು ಧನ ಅಯಾನಾದ ಅಮೈನ್ (ಸಾರಜನಕವಿರುವ, ಎಣ್ಣೆಯಲ್ಲಿ ಕರಗುವ ಕ್ಷಾರೀಯ ಸಂಯುಕ್ತ) ಆ ಋಣ ಅಯಾನನ್ನು ಸೀಮೆಎಣ್ಣೆಗೆ ಎಳೆದುಕೊಳ್ಳುತ್ತದೆ. ನಾರ್ವೆಯ ಕ್ರಿಸ್ಟಿಯಾನ್‌ಸಾಂಡ್‌ನ ನಿಕ್ಕಲ್ ಕಾರ್ಖಾನೆ ಇದೇ ಜಾತಿಯ ಅಮೈನ್‌ನಿಂದ ಕೋಬಾಲ್ಟ್ ತೆಗೆದಿದೆ. ನಾನು ಮಾಡಿದ್ದು 100 ಮಿಲಿ ಲೀಟರಿನ ಪ್ರಮಾಣದಲ್ಲಿ.

ಫೀಡ್‌ಗೆ, ಅಂದರೆ ಬಿಡಿಸಬೇಕಾದ ಲೋಹದ ದ್ರಾವಣಕ್ಕೆ, ಕೋಬಾಲ್ಟ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 2 ಗ್ರಾಂ, ನಿಕ್ಕಲ್ ಕ್ಲೋರೈಡ್ ಹೆಕ್ಸಾಹೈಡ್ರೇಟ್ 2 ಗ್ರಾಂ. ಇದರಿಂದ ಎರಡೂ ಲೋಹ ಲೀಟರಿಗೆ ತಲಾ ಸುಮಾರು 5 ಗ್ರಾಂ ಆಗುತ್ತವೆ. ಆಮ್ಲ 8 ಮೋಲಾರ್ (ಲೀಟರಿಗೆ 8 ಮೋಲ್) ಇರಬೇಕು. ಬಾಟಲಿಯ ಆಮ್ಲ 37% ಆದರೆ 67 ಮಿ.ಲೀ., ನಮ್ಮಲ್ಲಿ ಹೆಚ್ಚಾಗಿ ಸಿಗುವ 35% ಆದರೆ 71 ಮಿ.ಲೀ.; ಉಳಿದದ್ದು ನೀರು. ಲೇಬಲ್ ನೋಡದೆ ಅಳೆದರೆ ಇಲ್ಲೇ ಲೆಕ್ಕ ತಪ್ಪುತ್ತದೆ. ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲೇ.

ಆರ್ಗ್ಯಾನಿಕ್ ಪದರಕ್ಕೆ, ಅಂದರೆ ಕೋಬಾಲ್ಟ್ ಎಳೆದುಕೊಳ್ಳುವ ಎಣ್ಣೆಯ ಪದರಕ್ಕೆ, ಟ್ರೈಆಕ್ಟೈಲ್ ಅಮೈನ್ 20, ಐಸೋಡೆಕನಾಲ್ ಎಂಬ ಆಲ್ಕೋಹಾಲ್ 10, ಸೀಮೆಎಣ್ಣೆ 70 ಮಿ.ಲೀ. ಅಮೈನ್ ಸಾಂದ್ರತೆ ಸುಮಾರು 0.46 ಮೋಲಾರ್ ಬರುತ್ತದೆ. ಒಂದು ಕೋಬಾಲ್ಟ್‌ಗೆ ಎರಡು ಅಮೈನ್ ಬೇಕಾದ್ದರಿಂದ ಇದರ ಗರಿಷ್ಠ ಹೊರೆ ಲೀಟರಿಗೆ 13.5 ಗ್ರಾಂ ಕೋಬಾಲ್ಟ್. ಅದರ ಅರ್ಧಕ್ಕಿಂತ ಕೆಳಗಿದ್ದರೆ ಪದರಗಳು ಚೆನ್ನಾಗಿ ಬಿಡುತ್ತವೆ.

ಐಸೋಡೆಕನಾಲ್ ಉಳಿಸಲು ಹೋಗಬೇಡಿ. ಅಮೈನ್‌ನ ಹೈಡ್ರೋಕ್ಲೋರೈಡ್ ಲವಣ ಸೀಮೆಎಣ್ಣೆಯಲ್ಲಿ ಸರಿಯಾಗಿ ಕರಗದೆ, ನೀರು ಮತ್ತು ಎಣ್ಣೆಯ ನಡುವೆ ಜೇನಿನಂಥ ಮೂರನೇ ಪದರವಾಗಿ ಕೂರುತ್ತದೆ. ಕೋಬಾಲ್ಟ್ ಬಹುಪಾಲು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಚಳಿಯ ಬೆಳಗಿನಲ್ಲಿ ಈ ಕಾಟ ಜಾಸ್ತಿ. ಆಲ್ಕೋಹಾಲ್ ಸೇರಿಸಿ ಕುಲುಕಿದರೆ ಆ ಪದರ ಕರಗಿ ಹೋಗುತ್ತದೆ.

ಮೊದಲು ಲೋಹವಿಲ್ಲದ 8 ಮೋಲಾರ್ ಆಮ್ಲದೊಡನೆ ಈ ಮಿಶ್ರಣವನ್ನು ಎರಡು ಸಲ ಕುಲುಕಿ, ಅಮೈನ್ ತನ್ನ ಪಾಲಿನ ಆಮ್ಲ ಹಿಡಿಯಲಿ. ಇದನ್ನು ಬಿಟ್ಟರೆ ಅದು ಫೀಡ್‌ನಿಂದಲೇ ಆಮ್ಲ ಕಸಿಯುತ್ತದೆ. 8 ಮೋಲಾರ್‌ನಲ್ಲಿ ಅರ್ಧ ಮೋಲಾರ್ ಹೋದರೆ ದೊಡ್ಡ ಮಾತಲ್ಲ. ಇದೇ ಬಗೆಯಲ್ಲಿ ಸತು ತೆಗೆಯುವ 1 ಮೋಲಾರ್‌ನ ಫೀಡ್‌ನಲ್ಲಾದರೆ ಹೆಚ್ಚುಕಡಿಮೆ ಅರ್ಧ ಆಮ್ಲವೇ ಮಾಯ.

ಫೀಡ್ ಮತ್ತು ಆರ್ಗ್ಯಾನಿಕ್ ಎರಡನ್ನೂ ಸಮ ಪ್ರಮಾಣದಲ್ಲಿ ಸೇರಿಸಿ, ಟೆಫ್ಲಾನ್ ನಲ್ಲಿಯ ಸೆಪರೇಟಿಂಗ್ ಫನಲ್‌ನಲ್ಲಿ (ಪದರ ಬೇರ್ಪಡಿಸುವ ಗಾಜಿನ ಪಾತ್ರೆ) 3 ನಿಮಿಷ ಕುಲುಕಬೇಕು, ನಡುನಡುವೆ ನಲ್ಲಿ ತಿರುಗಿಸಿ ಆವಿ ಬಿಡಬೇಕು. ಗಾಜಿನ ನಲ್ಲಿಗೆ ಹಚ್ಚಿದ ಗ್ರೀಸ್ ಸೀಮೆಎಣ್ಣೆಯಲ್ಲಿ ಕರಗುತ್ತದೆ, ರಬ್ಬರ್ ಉಬ್ಬುತ್ತದೆ. ಪದರಗಳು ಬೇರಾದಾಗ ಮೇಲೆ ಗಾಢ ನೀಲಿ, ಕೆಳಗೆ ಹಸಿರು. ಕೆಳಗಿನದರಲ್ಲಿ ಇನ್ನೂ ನೀಲಿ ಛಾಯೆ ಉಳಿದಿದ್ದರೆ ಹೊಸ ಆರ್ಗ್ಯಾನಿಕ್‌ನಿಂದ ಮತ್ತೊಮ್ಮೆ ತೆಗೆಯಬೇಕು.

ಮೇಲಿನ ಪದರ ನೀಲಿಯ ಬದಲು ಹಸಿರಾದರೆ ನಿಕ್ಕಲ್ ಹತ್ತಿತು ಎಂದು ಗಾಬರಿಯಾಗುವುದುಂಟು. ಬಹುತೇಕ ಸಲ ಅದು ಕಬ್ಬಿಣ: ಫೆರಿಕ್ ಕ್ಲೋರೈಡ್‌ನ ಹಳದಿ ಕೋಬಾಲ್ಟ್‌ನ ನೀಲಿಗೆ ಬೆರೆತಿರುತ್ತದೆ. ಅಂಗಡಿಯ ಹಳದಿ ಆಮ್ಲ ಬಳಸಿದರೆ ಇದು ಖಂಡಿತ. ಫೆರಿಕ್ ಕಬ್ಬಿಣ 2–3 ಮೋಲಾರ್‌ನಲ್ಲೇ ಅಮೈನ್‌ಗೆ ಅಂಟುತ್ತದೆ, ಆ ಮಟ್ಟದಲ್ಲಿ ಕೋಬಾಲ್ಟ್ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ಕಬ್ಬಿಣವನ್ನು ಮೊದಲೇ ಸ್ವಲ್ಪ ಆರ್ಗ್ಯಾನಿಕ್‌ನಿಂದ ಗುಡಿಸಿಹಾಕಿ, ಆಮೇಲೆ ಆಮ್ಲ ಏರಿಸುವುದು ವಾಸಿ.

ನೀಲಿ ಪದರವನ್ನು ಅದರ ಹತ್ತನೇ ಒಂದು ಪಾಲಿನಷ್ಟು 8 ಮೋಲಾರ್ ಆಮ್ಲದಿಂದ ಒಮ್ಮೆ ಸ್ಕ್ರಬ್ ಮಾಡಿದೆ, ಅಂದರೆ ತೊಳೆದೆ. ಹನಿಗಳಾಗಿ ಸಿಕ್ಕಿದ್ದ ನಿಕ್ಕಲ್ ಹೋಗುತ್ತದೆ. ಸ್ಟ್ರಿಪ್ಪಿಂಗ್‌ಗೆ, ಅಂದರೆ ಕೋಬಾಲ್ಟನ್ನು ಎಣ್ಣೆಯಿಂದ ಮತ್ತೆ ನೀರಿಗೆ ಇಳಿಸಲು, ಬರೀ ನೀರು ಸಾಕು. ಕ್ಲೋರೈಡ್ ಇಳಿದಂತೆ ಕೋಬಾಲ್ಟ್ ನೀರಿಗೆ ಮರಳಿ ಗುಲಾಬಿಯಾಗುತ್ತದೆ. ಎರಡು ಪಾಲು ಆರ್ಗ್ಯಾನಿಕ್‌ಗೆ ಒಂದು ಪಾಲು ನೀರು, ಎರಡು ಸಲ. ದ್ರಾವಣ ಗಟ್ಟಿಯಾಗಲೆಂದು ಹತ್ತಕ್ಕೆ ಒಂದು ಪಾಲು ನೀರು ಹಾಕಿದರೆ, ಆರ್ಗ್ಯಾನಿಕ್‌ನಲ್ಲಿದ್ದ ಹೆಚ್ಚುವರಿ ಆಮ್ಲವೂ ಇಳಿದು ನೀರೇ ಆಮ್ಲೀಯವಾಗಿ ಸ್ಟ್ರಿಪ್ಪಿಂಗ್ ಅರ್ಧಕ್ಕೆ ನಿಲ್ಲುತ್ತದೆ.

ಅಮೈನ್ ಹಾಳುಮಾಡುವುದು ನೈಟ್ರೇಟ್. ಅದು ಕ್ಲೋರೈಡ್‌ಗಿಂತ ಬಿಗಿಯಾಗಿ ಹಿಡಿಯುತ್ತದೆ. ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗಿಸಿದ ಮಿಶ್ರಲೋಹವನ್ನು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಎರಡು ಸಲ ಒಣಗಿಸದೆ ತಂದರೆ ಕೋಬಾಲ್ಟ್‌ಗೆ ಜಾಗವೇ ಉಳಿಯುವುದಿಲ್ಲ. ಹಾಗಾದರೆ 5% ಸೋಡಿಯಂ ಕಾರ್ಬೊನೇಟ್‌ನಿಂದ ತೊಳೆದು ಅಮೈನನ್ನು ಬರಿದು ಮಾಡಿ. ನೊರೆ ಉಕ್ಕುತ್ತದೆ, ಕಾರ್ಬೊನೇಟನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಮೊದಲಿಗೆ ಫನಲ್ ಮುಚ್ಚಬೇಡಿ. ಇದೇ ಕೆಲಸಕ್ಕೆ ಬಳಸುವ ಅಲಿಕ್ವಾಟ್ 336ಗೆ ಈ ಉಪಾಯ ನಡೆಯದು, ಅದು ಕ್ವಾಟರ್ನರಿ ಅಮೋನಿಯಂ ಲವಣ. ಕ್ಷಾರದಲ್ಲೂ ಅದರ ಧನ ಆವೇಶ ಹೋಗುವುದಿಲ್ಲ.

ಆಮ್ಲದ ಖರ್ಚು ತಗ್ಗಿಸಲು ಕ್ಲೋರೈಡನ್ನು ಲವಣದಿಂದ ಕೊಡಬಹುದು. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗವೇನೋ ಸರಿ, ಆದರೆ ಫೀಡ್‌ನಲ್ಲಿ ಸಲ್ಫೇಟ್ ಇದ್ದರೆ ಜಿಪ್ಸಂ ಹುಟ್ಟಿ ಪದರಗಳ ನಡುವೆ ಕೆಸರು ಕಟ್ಟುತ್ತದೆ. ಅಂಥ ಕಡೆ ನಾನು ಮೆಗ್ನೀಸಿಯಂ ಕ್ಲೋರೈಡ್ ಹಾಕುತ್ತೇನೆ.